ಎತ್ತರವಿಲ್ಲದ ಗುಡ್ಡವೂ ಜಾರುತ್ತದೆ: ಧರೆಯ ಮೇಲೆ ಬಿರುಕು ಬಿಟ್ಟಾಗ ಮೊದಲು ಏನು ಮಾಡಬೇಕು?

ಪ್ರಶ್ನೆ: ನಮ್ಮ ಮನೆ ಒಂದು ಗುಡ್ಡದ ಬುಡದಲ್ಲಿದೆ. ಗುಡ್ಡ ಅಂಥ ಎತ್ತರದ್ದಲ್ಲ, 60–70 ಮೀಟರ್ ಇದ್ದೀತು. ಇಳಿಜಾರೂ ಆರಾಮಾಗಿ ನಡೆದು ಹತ್ತುವಷ್ಟೇ. ಮನೆಗೆ ಜಾಗ ಮಾಡಲು ಹಿಂಭಾಗದಲ್ಲಿ ಗುಡ್ಡವನ್ನು 3 ಮೀಟರ್ ಎತ್ತರಕ್ಕೆ ನೆಟ್ಟಗೆ ಕಡಿಸಿ ಧರೆ ಮಾಡಿಸಿದ್ದೆವು. ಈ ಮಳೆಗಾಲದಲ್ಲಿ ಧರೆಯ ಅಂಚಿನಿಂದ ಸುಮಾರು 9 ಮೀಟರ್ ಮೇಲೆ, ಬೆರಳು ತೂರುವಷ್ಟು ಅಗಲದ ಬಿರುಕು ಬಿಟ್ಟಿದೆ. ತಡೆಗೋಡೆ ಕಟ್ಟಿಸಿ ಅಂತ ಕೆಲವರು, ಗಿಡ ನೆಡಿ ಅಂತ ಕೆಲವರು, ಇಷ್ಟು ಸಣ್ಣ ಗುಡ್ಡ ಎಲ್ಲಿ ಜಾರುತ್ತೆ ಅಂತ ಇನ್ನು ಕೆಲವರು. ಯಾರ ಮಾತು ಕೇಳಲಿ?

ಉತ್ತರ: ಗೋಡೆ, ಗಿಡ ಎರಡಕ್ಕೂ ಮೊದಲು ನೀರಿನ ದಾರಿ ನೋಡಬೇಕು. ಅದಕ್ಕೂ ಮೊದಲು ಇವತ್ತೇ ಆಗಬೇಕಾದ ಎರಡು ಕೆಲಸಗಳಿವೆ. ಮಳೆ ಇರುವಷ್ಟು ದಿನ ಧರೆಯ ಕಡೆಗಿನ ಕೋಣೆಗಳಲ್ಲಿ ಯಾರೂ ಮಲಗಬೇಡಿ. ಭಾರಿ ಮಳೆಯ ಮುನ್ಸೂಚನೆ ಇರುವ ರಾತ್ರಿ ಆ ಮನೆಯಲ್ಲೇ ಇರಬೇಡಿ. ಎರಡನೆಯದು, ಬಿರುಕಿನೊಳಗೆ ನೀರು ಇಳಿಯುವುದನ್ನು ನಿಲ್ಲಿಸಿ.

ಬೆರಳಗಲದ ಬಿರುಕು ಏನು ಮಹಾ ಅನ್ನಿಸಬಹುದು. ಆದರೆ ನೀರಿನ ಒತ್ತಡಕ್ಕೆ ಬಿರುಕಿನ ಅಗಲ ಲೆಕ್ಕಕ್ಕೇ ಇಲ್ಲ, ಆಳ ಮಾತ್ರ ಲೆಕ್ಕ. ಒಂದೂವರೆ ಮೀಟರ್ ಆಳದ ಬಿರುಕು ನೀರು ತುಂಬಿ ನಿಂತರೆ, ಬಿರುಕಿನ ಉದ್ದದ ಪ್ರತಿ ಮೀಟರಿಗೆ 11 ಕಿಲೋನ್ಯೂಟನ್, ಅಂದರೆ ಒಂದು ಟನ್ನಿಗೂ ಹೆಚ್ಚು ಬಲದಿಂದ ಮಣ್ಣನ್ನು ಕೆಳಕ್ಕೆ ತಳ್ಳುತ್ತದೆ. ಬಾವಿಯಷ್ಟು ಅಗಲ ಇದ್ದರೂ ಅಷ್ಟೇ, ಬೆರಳಷ್ಟು ಇದ್ದರೂ ಅಷ್ಟೇ. ಮೇಲಾಗಿ ಕಿರಿದಾದ ಬಿರುಕಿನ ಒಂದು ಮೀಟರ್ ಉದ್ದ ತುಂಬಲು ಒಂದೆರಡು ಬಕೆಟ್ ನೀರು ಸಾಕು.

ಮುಚ್ಚುವ ಕ್ರಮ ಹೀಗೆ: ಬಿರುಕಿನ ಬಾಯಿಯನ್ನು ಒಂದು ಗೇಣು ಅಗಲಕ್ಕೆ ಬಿಡಿಸಿ, ಹದವಾಗಿ ತೇವವಿರುವ ಜೇಡಿಮಣ್ಣನ್ನು 10–15 ಸೆಂಟಿಮೀಟರ್ ಪದರಗಳಲ್ಲಿ ಹಾಕಿ ಪ್ರತಿ ಪದರವನ್ನೂ ದಮ್ಮಸು ಮಾಡಿ, ಮೇಲೆ ಸ್ವಲ್ಪ ದಿಬ್ಬ ಬರುವಂತೆ ಮುಗಿಸಿ. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಹಾಳೆ ಬಿರುಕಿನ ಎರಡೂ ಕಡೆಗೆ ಒಂದೆರಡು ಮೀಟರ್ ಚಾಚಿರಲಿ, ಮೇಲ್ಗಡೆಯ ಅಂಚನ್ನು ನೆಲದಲ್ಲಿ ಹೂಳಿ. ಇಲ್ಲದಿದ್ದರೆ ಹರಿದು ಬರುವ ನೀರು ಹಾಳೆಯ ಅಡಿಗೇ ನುಗ್ಗುತ್ತದೆ. ಜಲ್ಲಿ, ಮರಳು ಸುರಿಯಬೇಡಿ, ಅವು ನೀರನ್ನು ಒಳಗೆ ಕರೆದೊಯ್ಯುತ್ತವೆ. ಕಾಂಕ್ರೀಟೂ ಬೇಡ. ನೆಲ ಇನ್ನೆರಡು ಮಿಲಿಮೀಟರ್ ಸರಿದರೆ ಅದು ಒಂದು ಕಡೆ ಬಿಟ್ಟುಕೊಂಡು ಪಕ್ಕದಲ್ಲೇ ಹೊಸ ಸಂದಿಯಾಗುತ್ತದೆ.

ಸಣ್ಣ ಗುಡ್ಡ ಯಾಕೆ ಜಾರುತ್ತದೆ

ನೀರು ಮಣ್ಣನ್ನು ಎಣ್ಣೆಯ ಹಾಗೆ ನುಣುಪು ಮಾಡುತ್ತದೆ, ಅದಕ್ಕೇ ಗುಡ್ಡ ಜಾರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮಣ್ಣಿನ ಕಣಗಳು ಒಂದರ ಮೇಲೊಂದು ಭಾರ ಹಾಕಿ ಕೂತಿರುವುದರಿಂದ ಅವುಗಳ ನಡುವೆ ಘರ್ಷಣೆ ಇರುತ್ತದೆ. ಸಂದುಗಳಲ್ಲಿ ನೀರು ತುಂಬಿ ಒತ್ತಡ ಬಂದಾಗ ಆ ಭಾರದ ಒಂದು ಪಾಲನ್ನು ನೀರೇ ಹೊರುತ್ತದೆ. ಕಣಗಳ ನಡುವಿನ ಒತ್ತು ಕಡಿಮೆಯಾಗುತ್ತದೆ, ಘರ್ಷಣೆಯೂ ಅಷ್ಟೇ ಇಳಿಯುತ್ತದೆ. ಮಣ್ಣನ್ನು ಕೆಳಕ್ಕೆ ಎಳೆಯುವ ತೂಕ ಮಾತ್ರ ಕಡಿಮೆಯಾಗುವುದಿಲ್ಲ. ಮಣ್ಣಿನ ಎಂಜಿನಿಯರ್ ಕಾರ್ಲ್ ಟರ್ಜಾಗಿ 1920ರ ದಶಕದಲ್ಲಿ ಸ್ಪಷ್ಟಪಡಿಸಿದ ಈ ತತ್ವದ ಮೇಲೆಯೇ ಇವತ್ತಿನ ಇಳಿಜಾರಿನ ಲೆಕ್ಕವೆಲ್ಲ ನಿಂತಿದೆ.

ಒಂದು ಲೆಕ್ಕ ನೋಡಿ. ಇಳಿಜಾರು 25 ಡಿಗ್ರಿ, ಗಟ್ಟಿ ಪದರದ ಮೇಲೆ 2 ಮೀಟರ್ ದಪ್ಪ ಮಣ್ಣು. ಮಣ್ಣಿನ ಘರ್ಷಣಾ ಕೋನ (ಕಣಗಳ ನಡುವಿನ ಘರ್ಷಣೆ ಎಷ್ಟೆಂದು ಹೇಳುವ ಅಳತೆ) 32 ಡಿಗ್ರಿ, ಅಂಟುಬಲ 3 ಕಿಲೋಪಾಸ್ಕಲ್, ಒಂದು ಘನ ಮೀಟರಿನ ತೂಕ 19 ಕಿಲೋನ್ಯೂಟನ್. ನೀರಿಲ್ಲದಾಗ, ಹಿಡಿದಿಡುವ ಬಲವನ್ನು ಎಳೆಯುವ ಬಲದಿಂದ ಭಾಗಿಸಿದರೆ 1.55 ಬರುತ್ತದೆ. ಇದನ್ನೇ ಸುರಕ್ಷತಾ ಅಂಕ ಅನ್ನುವುದು, 1ಕ್ಕಿಂತ ಕೆಳಗಿಳಿದರೆ ಮಣ್ಣು ನಿಲ್ಲುವುದಿಲ್ಲ. ಆ 2 ಮೀಟರಿನಲ್ಲಿ 1 ಮೀಟರ್ ನೀರು ಏರಿದರೆ ಅಂಕ 1.2ಕ್ಕೆ ಬರುತ್ತದೆ. ಸುಮಾರು 1.6 ಮೀಟರ್ ತಲುಪಿದಾಗ ಸರಿಯಾಗಿ 1. ಮೇಲ್ಮೈವರೆಗೂ ತುಂಬಿ ಇಳಿಜಾರಿನ ಜೊತೆ ಹರಿಯತೊಡಗಿದರೆ 0.85. ಗುಡ್ಡದ ಎತ್ತರ ಈ ಲೆಕ್ಕದಲ್ಲಿ ಎಲ್ಲೂ ಬರಲೇ ಇಲ್ಲ. ವರ್ಷಗಟ್ಟಲೆ ಅಲುಗದೆ ನಿಂತಿದ್ದ ಜಾಗ ಒಂದು ರಾತ್ರಿಯಲ್ಲಿ ಕುಸಿಯುವುದಕ್ಕೆ ಬೇಕಾದದ್ದು ಒಳಗಿನ ನೀರು ಮೊಣಕಾಲುದ್ದ ಹೆಚ್ಚು ಏರುವುದು, ಅಷ್ಟೇ.

ಜೇಡಿಮಣ್ಣಿನ ಗುಡ್ಡಗಳಲ್ಲಿ ಇನ್ನೂ ಒಂದು ತೊಂದರೆ ಇದೆ. ಜೇಡಿ ಒಮ್ಮೆ ಜಾರಿದರೆ, ಜಾರುಪದರದಲ್ಲಿ, ಅಂದರೆ ಮೇಲಿನ ಮಣ್ಣು ಯಾವುದರ ಮೇಲೆ ಜಾರಿತೋ ಆ ಪದರದಲ್ಲಿ, ಇರುವ ತಟ್ಟೆಯಾಕಾರದ ಸೂಕ್ಷ್ಮ ಕಣಗಳೆಲ್ಲ ಒಂದೇ ದಿಕ್ಕಿಗೆ ಮಲಗಿ, ಬೆರಳಾಡಿಸಿದರೆ ಹೊಳಪು ಕಾಣುವಷ್ಟು ನಯವಾಗುತ್ತದೆ. ಅಲ್ಲಿ ಘರ್ಷಣಾ ಕೋನ 10–13 ಡಿಗ್ರಿಗೆ ಇಳಿದುಬಿಡಬಹುದು, ಮತ್ತೆ ಚೇತರಿಸಿಕೊಳ್ಳುವುದೂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ನೂರಾರು, ಸಾವಿರಾರು ವರ್ಷಗಳ ಹಿಂದೆ ಜಾರಿ ನಿಂತ ಗುಡ್ಡ 8–10 ಡಿಗ್ರಿ ಇಳಿಜಾರಿನಲ್ಲೂ ಮತ್ತೆ ಹೊರಡಬಲ್ಲದು. ಹಳೆಯ ಜಾರು ನೋಡಲು ಸೌಮ್ಯವಾದ, ಮನೆ ಕಟ್ಟಲು ಹೇಳಿ ಮಾಡಿಸಿದ ಮೆಟ್ಟಿಲಿನ ಹಾಗೇ ಕಾಣುತ್ತದೆ. ಅದೇ ಅದರ ಅಪಾಯ.

ಜರ್ಮನಿಯ ಸ್ವಾಬಿಯನ್ ಆಲ್ಬ್ ಎತ್ತರದ ಪರ್ವತವೇನಲ್ಲ. ಅಲ್ಲಿ ಮೊಸಿಂಗೆನ್ ಬಳಿ 1983ರ ಏಪ್ರಿಲ್ 12ರಂದು ಸುಮಾರು 50 ಹೆಕ್ಟೇರ್ ಕಾಡಿನ ಇಳಿಜಾರು, 40 ಲಕ್ಷ ಘನ ಮೀಟರಿನಷ್ಟು, ಜಾರಿತು. ಮೇಲೆ ನೀರು ಬಿಟ್ಟುಕೊಡುವ ಸುಣ್ಣಕಲ್ಲು, ಕೆಳಗೆ ನೀರು ಬಿಡದ ಜೇಡಿ: ಇಂಥ ಜೋಡಿ ಇರುವಲ್ಲೆಲ್ಲ ನೀರು ಜೇಡಿಯ ತಲೆಯ ಮೇಲೆ ಸೇರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಓಸೊದಲ್ಲಿ 2014ರ ಮಾರ್ಚ್ 22ರಂದು 43 ಜನ ಸತ್ತರು. ಕುಸಿದ ಇಳಿಜಾರಿನ ಎತ್ತರ 200 ಮೀಟರಿನ ಆಸುಪಾಸು, ಮಣ್ಣು ಓಡಿದ ದೂರ ಒಂದು ಕಿಲೋಮೀಟರಿಗೂ ಹೆಚ್ಚು. ಅದೇ ಜಾಗ 2006ರಲ್ಲೂ ಕುಸಿದಿತ್ತು. ಗುಡ್ಡ ಮೊದಲು ಜಾರಿತ್ತೇ ಎಂಬ ಪ್ರಶ್ನೆ ಗುಡ್ಡ ಎಷ್ಟು ಎತ್ತರ ಎಂಬ ಪ್ರಶ್ನೆಗಿಂತ ಎಷ್ಟೋ ಪಾಲು ಮುಖ್ಯ.

ನಿಮ್ಮ ಬಿರುಕು ಏನು ಹೇಳುತ್ತಿದೆ

ಬೇಸಿಗೆಯಲ್ಲಿ ಜೇಡಿನೆಲ ಒಣಗಿ ಬಿಡುವ ಬಿರುಕು ಬಲೆಯ ಹಾಗೆ ಎಲ್ಲ ದಿಕ್ಕಿಗೂ ಹರಡಿರುತ್ತದೆ. ಎರಡು ಬದಿಯೂ ಒಂದೇ ಮಟ್ಟದಲ್ಲಿದ್ದು, ಮಳೆ ಬಿದ್ದರೆ ಕೂಡಿಕೊಳ್ಳುತ್ತದೆ. ನಿಮ್ಮದು ಮಳೆಯಲ್ಲಿ ಬಿಟ್ಟದ್ದು, ಆದ್ದರಿಂದ ಅದನ್ನು ಒಣಬಿರುಕು ಎಂದು ಬಿಡುವ ಹಾಗಿಲ್ಲ. ಬಿರುಕಿನ ಎರಡೂ ತುದಿಗಳು ಕೆಳಕ್ಕೆ ಬಾಗಿ ಬಿಲ್ಲಿನಂತಿವೆಯೇ, ಕೆಳಗಿನ ಬದಿ ಒಂದಿಷ್ಟು ಇಳಿದು ಮೆಟ್ಟಿಲಾಗಿದೆಯೇ ನೋಡಿ. ಎರಡಕ್ಕೂ ಹೌದು ಅಂತಾದರೆ ಅದು ಜಾರಿನ ನೆತ್ತಿ.

ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಕಾಡುವ ಅಂಕಿ ಆ 9 ಮೀಟರ್. ಕಡಿದ ಧರೆಯ ಮುಖ ಮಾತ್ರ ಬೀಳುವ ಹಾಗಿದ್ದರೆ ಬಿರುಕು ಸಾಮಾನ್ಯವಾಗಿ ಅಂಚಿಗೆ ಹತ್ತಿರ, ಧರೆಯ ಎತ್ತರದಷ್ಟು ದೂರದೊಳಗೆ, ಅಂದರೆ ಒಂದರಿಂದ ಮೂರು ಮೀಟರಿನಲ್ಲಿ ಬರುತ್ತದೆ. ಎತ್ತರದ ಮೂರು ಪಟ್ಟು ಹಿಂದೆ ಬಂದಿದೆ ಅಂದರೆ ಸರಿಯುತ್ತಿರುವ ತುಂಡು ಧರೆಗಿಂತ ದೊಡ್ಡದು. ಜಾರುಪದರ ಧರೆಯ ಬುಡದಲ್ಲಿ ಹೊರಬರಬಹುದು, ಇಲ್ಲವೇ ಮನೆಯ ಅಂಗಳದ ಅಡಿಯಿಂದಲೇ ಹಾದುಹೋಗಿರಬಹುದು. ಎರಡನೆಯದಾದರೆ ಧರೆಗೆ ಒರಗಿಸಿ ಕಟ್ಟಿದ ಗೋಡೆ ತಡೆಯಾಗುವುದಿಲ್ಲ. ಜಾರುವ ಮಣ್ಣಿನ ಬೆನ್ನ ಮೇಲೆ ಕೂತು ಅದರ ಜೊತೆಗೇ ಹೋಗುತ್ತದೆ. ಹಾಗಾಗಿ ಅಂಗಳದಲ್ಲಿ ನೆಲ ಉಬ್ಬಿದೆಯೇ, ಮನೆಯ ಹಿಂಬದಿಯ ಬಾಗಿಲು ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾಗಿವೆಯೇ, ನೆಲಹಾಸಿನಲ್ಲಿ ಹೊಸ ಗೆರೆ ಬಿದ್ದಿದೆಯೇ, ಪೈಪುಗಳು ಸಂದಿಯಲ್ಲಿ ಬಿಟ್ಟುಕೊಂಡಿವೆಯೇ ಎಂದು ಗಮನಿಸಿ. ಇವು ಇದ್ದರೆ ಗೋಡೆಯ ಮಾತನ್ನು ಸದ್ಯಕ್ಕೆ ಬದಿಗಿಡಿ.

ಗುಡ್ಡವನ್ನು ಒಮ್ಮೆ ಸುತ್ತಿಬನ್ನಿ. ಬುಡದಲ್ಲಿ ಬಾಗಿ ಆಮೇಲೆ ನೆಟ್ಟಗಾದ ಮರಗಳಿದ್ದರೆ ಮೇಲ್ಮಣ್ಣು ಬಹುಕಾಲದಿಂದ ನಿಧಾನವಾಗಿ ಸರಿಯುತ್ತಿದೆ. ಒಂದೊಂದು ಕಡೆಗೆ ವಾಲಿದ ಮರ, ಕಂಬಗಳಿದ್ದರೆ ಸರಿತ ಇತ್ತೀಚಿನದು. ಉಬ್ಬುತಗ್ಗಿನ ನೆಲ, ಇಳಿಜಾರಿನ ಮಧ್ಯೆ ಕಾರಣವಿಲ್ಲದೆ ನಿಂತ ಜೌಗು, ಮೊದಲಿಲ್ಲದ ಕಡೆ ಜಲ ಒಡೆದದ್ದು ಇವನ್ನೆಲ್ಲ ಗುರುತು ಹಾಕಿಕೊಳ್ಳಿ.

ಇನ್ನು ಅಳತೆ. ಬಿರುಕಿನ ಮೇಲ್ಗಡೆ ಒಂದು, ಕೆಳಗಡೆ ಒಂದು ಕಬ್ಬಿಣದ ಸರಳನ್ನು ಅರ್ಧ ಮೀಟರಿಗೂ ಹೆಚ್ಚು ಆಳಕ್ಕೆ ಹೊಡೆದು, ತಲೆಗಳ ಮೇಲೆ ಉಳಿಯಿಂದ ಗೆರೆ ಹಾಕಿ. ಇಂಥ ಜೋಡಿ ಬಿರುಕಿನ ಉದ್ದಕ್ಕೆ ಮೂರು ಕಡೆ ಇರಲಿ. ದಿನಾ ಒಂದೇ ಹೊತ್ತಿಗೆ, ಒಂದೇ ಸ್ಟೀಲ್ ಟೇಪಿನಿಂದ, ಒಬ್ಬರೇ ಅಳೆದು ಮಿಲಿಮೀಟರಿನಲ್ಲಿ ಬರೆದಿಡಿ. ಪಕ್ಕದ ಅಂಕಣದಲ್ಲಿ ಆ ದಿನದ ಮಳೆ. ನೆಟ್ಟಗಿನ ಗೋಡೆಯ ಡಬ್ಬಿಯನ್ನು ಬಯಲಲ್ಲಿಟ್ಟು ಸ್ಕೇಲಿನಿಂದ ನೀರಿನ ಎತ್ತರ ನೋಡಿದರೆ ಅದೇ ಮಳೆಯ ಮಿಲಿಮೀಟರ್ ಲೆಕ್ಕ.

ಒಟ್ಟು ಎಷ್ಟು ಸರಿದಿದೆ ಎನ್ನುವುದಕ್ಕಿಂತ ವೇಗ ಹೆಚ್ಚುತ್ತಿದೆಯೇ ಎನ್ನುವುದನ್ನು ನೋಡಿ. ಅದಕ್ಕೆ ಸರಳವಾದ ದಾರಿ ಇದೆ, ಜಪಾನಿನ ಫುಕುಝೊನೊ 1985ರಲ್ಲಿ ಹೇಳಿದ್ದು: ವೇಗದ ಬದಲು 1ನ್ನು ವೇಗದಿಂದ ಭಾಗಿಸಿದ ಅಂಕಿಯನ್ನು ಬರೆಯುವುದು. ಐದು ದಿನಗಳ ಸರಿತ ಕ್ರಮವಾಗಿ 2, 2.5, 3.3, 5, 10 ಮಿಲಿಮೀಟರ್ ಇತ್ತು ಅನ್ನಿ. ಮೊದಲ ಮೂರು ದಿನ ನೋಡಿದರೆ ಅಂಥ ಗಾಬರಿ ಅನ್ನಿಸುವುದಿಲ್ಲ. ಭಾಗಿಸಿ ನೋಡಿ: 0.5, 0.4, 0.3, 0.2, 0.1. ಗೆರೆ ನೇರವಾಗಿ ಸೊನ್ನೆಯ ಕಡೆಗೆ ಇಳಿಯುತ್ತಿದೆ, ಆರನೆಯ ದಿನ ಸೊನ್ನೆ. ಕುಸಿತ ಆ ಹೊತ್ತಿನ ಆಸುಪಾಸು. ಮೂರನೆಯ ದಿನವೇ ಇದು ಕಾಗದದ ಮೇಲೆ ಕಾಣಿಸುತ್ತಿತ್ತು. ಎಲ್ಲ ಜಾರುಗಳೂ ಇಷ್ಟು ಶಿಸ್ತಾಗಿ ನಡೆಯುವುದಿಲ್ಲ, ತೆಳು ಮಣ್ಣಿನವು ಸೂಚನೆಯನ್ನೇ ಕೊಡದೆ ಬೀಳುತ್ತವೆ. ಹಾಗಾಗಿ ಗೆರೆ ಇಳಿಯುತ್ತಿದ್ದರೆ ಮನೆ ಬಿಡಿ. ಇಳಿಯುತ್ತಿಲ್ಲ ಎಂಬ ಧೈರ್ಯದಲ್ಲಿ ಭಾರಿ ಮಳೆಯ ರಾತ್ರಿ ಅಲ್ಲೇ ಮಲಗಬೇಡಿ.

ನೀರನ್ನು ಹೊರಗೆ ಹಾಕುವ ಕೆಲಸ

ಮೊದಲು ಮನುಷ್ಯರೇ ಇಳಿಸುತ್ತಿರುವ ನೀರನ್ನು ಹುಡುಕಿ. ಬಿರುಕಿನ ಮೇಲ್ಗಡೆ ಇಂಗುಗುಂಡಿ ಇದ್ದರೆ ಮುಚ್ಚಿ. ನೀರಿಂಗಿಸುವುದು ಒಳ್ಳೆಯ ಕೆಲಸ, ಆದರೆ ಸರಿಯುತ್ತಿರುವ ಇಳಿಜಾರಿನಲ್ಲಿ ಅದು ಗುಡ್ಡವನ್ನು ಒಳಗಿನಿಂದ ಎತ್ತುವ ಕೆಲಸ. ಶೌಚಗುಂಡಿಯ ಸೋರಿಕೆ, ಒಡೆದ ನೀರಿನ ಕೊಳವೆ, ತುಂಬಿ ಹರಿಯುವ ಟ್ಯಾಂಕು, ಮೇಲಿನ ಕೃಷಿಹೊಂಡ, ರಸ್ತೆಯಿಂದ ಗುಡ್ಡಕ್ಕೆ ಬಿಟ್ಟ ಮೋರಿ ಎಲ್ಲವನ್ನೂ ಪರೀಕ್ಷಿಸಿ. ಮಳೆಯೇ ಇಲ್ಲದ ದಿನ ಧರೆಯ ಮುಖದಲ್ಲಿ ಒದ್ದೆ ಪಟ್ಟಿ ಕಂಡರೆ ಇಂಥದ್ದೇ ಏನೋ ಇರಬಹುದು.

ಬಳಿಕ ಬಿರುಕಿನ ನೆತ್ತಿಯಿಂದ ಕನಿಷ್ಠ 3–5 ಮೀಟರ್ ಮೇಲೆ, ಅಲುಗದ ನೆಲದಲ್ಲಿ, ಇಳಿಜಾರಿಗೆ ಅಡ್ಡಲಾಗಿ ಒಂದು ಚರಂಡಿ. ಅರ್ಧ ಮೀಟರ್ ಅಗಲ, ಅಷ್ಟೇ ಆಳ ಸಣ್ಣ ಇಳಿಜಾರಿಗೆ ಸಾಕು. ತಳಕ್ಕೆ 100 ಮೀಟರಿಗೆ 1–2 ಮೀಟರ್ ವಾಟ ಇರಲಿ. ತಳ, ಪಕ್ಕ ಎರಡೂ ನೀರು ಇಂಗದ ಹಾಗಿರಬೇಕು. ಈ ಚರಂಡಿಯ ಬಗ್ಗೆ ಒತ್ತಿ ಹೇಳಬೇಕಾದ ಮಾತೊಂದಿದೆ: ಬಿರುಕು ಬಿಟ್ಟ, ಎಲೆ ತುಂಬಿದ ಚರಂಡಿ ಇರುವುದಕ್ಕಿಂತ ಇಲ್ಲದಿರುವುದು ಮೇಲು. ಇಡೀ ಇಳಿಜಾರಿನ ನೀರನ್ನು ಒಂದೇ ಜಾಗಕ್ಕೆ ತಂದು ಅಲ್ಲೇ ಒಳಕ್ಕೆ ಬಿಡುತ್ತದೆ. ಅದಕ್ಕೇ ಗಡಸು ಕಾಂಕ್ರೀಟಿಗಿಂತ, ನೆಲದ ಜೊತೆ ಸ್ವಲ್ಪ ಬಾಗುವ ದಪ್ಪ ಪ್ಲಾಸ್ಟಿಕ್ ಅಸ್ತರಿ ಈ ಹಂತದಲ್ಲಿ ಒಳ್ಳೆಯದು. ಕೊನೆಯ ಬಾಯಿ ಗಟ್ಟಿಯಾದ ಸಹಜ ಹಳ್ಳಕ್ಕೆ ಸೇರಲಿ, ಪಕ್ಕದವರ ಇಳಿಜಾರಿನ ಮೇಲಲ್ಲ.

ಮೇಲ್ನೀರು ತಡೆದರೆ ಅರ್ಧ ಕೆಲಸ. ಒಳಗೆ ಸೇರಿದ ನೀರನ್ನು ತೆಗೆಯಲು ಧರೆಯ ಬುಡದಿಂದ ಗುಡ್ಡದೊಳಕ್ಕೆ ಅಡ್ಡ ಬೋರು ಕೊರೆದು, ಸೀಳುಗಳಿರುವ 50–60 ಮಿಲಿಮೀಟರಿನ ಪಿವಿಸಿ ಕೊಳವೆ ತೂರಿಸುತ್ತಾರೆ. ಒಳಕ್ಕೆ ಹೋದಂತೆ 3–5 ಡಿಗ್ರಿ ಮೇಲೇರುವ ಹಾಗೆ ಕೊರೆದರೆ ನೀರು ತಾನಾಗಿ ಹೊರಗೆ ಬರುತ್ತದೆ. ಜಾರುಪದರವನ್ನು ದಾಟುವಷ್ಟು ಉದ್ದ ಬೇಕು, ಸಾಮಾನ್ಯವಾಗಿ 10ರಿಂದ 30 ಮೀಟರ್. ಕೆಲವು ಕೊಳವೆಯಲ್ಲಿ ಹನಿಯೂ ಬರುವುದಿಲ್ಲ, ಪಕ್ಕದ್ದರಲ್ಲಿ ಧಾರೆ ಸುರಿಯುತ್ತದೆ. ಒಳಗಿನ ನೀರು ತನ್ನದೇ ಸಂದುಗಳಲ್ಲಿ ಓಡುತ್ತದೆ, ಅದನ್ನು ಕೊರೆದೇ ಹುಡುಕಬೇಕು. ಬರುವ ನೀರು ತಿಳಿಯಾಗಿರಬೇಕು. ಕೆಸರು ಬಂದರೆ ಕೊಳವೆಗೆ ಸುತ್ತಿದ ಸೋಸು ಬಟ್ಟೆ ಕೆಲಸ ಮಾಡುತ್ತಿಲ್ಲ, ಒಳಗೆ ಟೊಳ್ಳಾಗುತ್ತಿದೆ. ಈ ಕೆಲಸ ಮಳೆ ನಿಂತ ಮೇಲೆ, ತಿಳಿದವರಿಂದಲೇ ಆಗಬೇಕು.

ಗೋಡೆ

ಗೋಡೆ ಬೇಡ ಎನ್ನುತ್ತಿಲ್ಲ. ನೀರು ಹೊರಹೋಗದ ಗೋಡೆ ಬೇಡ. 3 ಮೀಟರ್ ಗೋಡೆಯ ಹಿಂದೆ ನೀರಿಲ್ಲದ ಒಳ್ಳೆಯ ಮಣ್ಣಿದ್ದರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಬೀಳುವ ಒತ್ತು ಸುಮಾರು 25 ಕಿಲೋನ್ಯೂಟನ್. ಅದೇ ಮಣ್ಣು ನೀರು ತುಂಬಿಕೊಂಡು ನಿಂತರೆ ನೀರಿನದ್ದೇ 44, ಮಣ್ಣಿನದ್ದು 13, ಒಟ್ಟು 57. ಎರಡು ಪಟ್ಟಿಗೂ ಮಿಕ್ಕಿತು. ಮಳೆಗಾಲದಲ್ಲಿ ಹೊಟ್ಟೆ ಉಬ್ಬಿ ಮಗುಚಿಕೊಳ್ಳುವ ಗೋಡೆಗಳ ಹಿಂದಿನ ಲೆಕ್ಕ ಇದೇ.

ಆದ್ದರಿಂದ ಗೋಡೆಯ ಬೆನ್ನಿಗೆ 30 ಸೆಂಟಿಮೀಟರ್ ದಪ್ಪಕ್ಕೆ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ತಳದಲ್ಲಿ ತೂತುಗಳಿರುವ ಕೊಳವೆ. ಗೋಡೆಯ ಮೈಯಲ್ಲಿ 75–100 ಮಿಲಿಮೀಟರಿನ ವೀಪ್ ಹೋಲ್‌ಗಳು (ನೀರು ಹೊರಬರುವ ತೂತುಗಳು) ಒಂದೂವರೆ ಮೀಟರಿಗೆ ಒಂದರಂತೆ, ಸಾಲು ಬಿಟ್ಟು ಸಾಲು, ಹೊರಕ್ಕೆ ವಾಟವಾಗಿ. ಬಟ್ಟೆ ಉಳಿಸಲು ಹೋಗಿ ಜಲ್ಲಿಯನ್ನು ನೇರ ಮಣ್ಣಿಗೆ ತಾಗಿಸಿದರೆ ಒಂದೆರಡು ಮಳೆಗಾಲದಲ್ಲಿ ಸಂದುಗಳು ಕಟ್ಟಿಕೊಂಡು ತೂತುಗಳು ಹೆಸರಿಗೆ ಉಳಿಯುತ್ತವೆ. ಸುರಿಮಳೆಯಲ್ಲೂ ಒಣಗಿರುವ ವೀಪ್ ಹೋಲ್ ಕಂಡರೆ ಸರಳು ತೂರಿಸಿ ನೋಡಿ. ಸ್ವಂತ ತೂಕದಿಂದ ನಿಲ್ಲುವ ಕಲ್ಲುಗೋಡೆಗೆ ಬುಡದ ಅಗಲ ಎತ್ತರದ ಅರ್ಧಕ್ಕಿಂತ ಹೆಚ್ಚು, 0.7 ಪಾಲಿನವರೆಗೂ ಬೇಕಾಗುತ್ತದೆ. ತಂತಿಬುಟ್ಟಿಗೆ ಕಲ್ಲು ತುಂಬುವ ಗೇಬಿಯನ್ ಇಂಥ ಜಾಗಕ್ಕೆ ಹೆಚ್ಚು ಹೊಂದುತ್ತದೆ: ನೀರು ಎಲ್ಲ ಕಡೆಯಿಂದ ಹೊರಬರುತ್ತದೆ, ನೆಲ ಸ್ವಲ್ಪ ಕೂತರೂ ಬಿರುಕು ಬಿಡದೆ ಬಾಗುತ್ತದೆ.

ಅಡಿಪಾಯ ಎಲ್ಲಿಗೆ ಇಳಿಯಬೇಕು ಎನ್ನುವುದು ಜಾರುಪದರ ಎಲ್ಲಿದೆ ಎನ್ನುವುದರ ಮೇಲೆ ನಿಂತಿದೆ. ಅದನ್ನು ಊಹಿಸಬಾರದು. ಮಣ್ಣಿನ ಎಂಜಿನಿಯರ್ ಒಬ್ಬರಿಂದ ಕನಿಷ್ಠ ಎರಡು ಬೋರು ಹಾಕಿಸಿ, ಒಂದು ಬಿರುಕಿಗೂ ಧರೆಗೂ ನಡುವೆ, ಇನ್ನೊಂದು ಅಂಗಳದಲ್ಲಿ. ಗಟ್ಟಿ ಪದರದೊಳಕ್ಕೆ ಒಂದೆರಡು ಮೀಟರ್ ಇಳಿಯುವವರೆಗೂ ನಿಲ್ಲಿಸಬಾರದು. ಒಳಗಿನ ನೀರಿನ ಒತ್ತಡ ಅಳೆಯುವ ಪೀಜೋಮೀಟರ್ ಮತ್ತು ಎಷ್ಟು ಆಳದಲ್ಲಿ ನೆಲ ಬಾಗುತ್ತಿದೆ ಎಂದು ತೋರಿಸುವ ಇನ್‌ಕ್ಲಿನೋಮೀಟರ್ ಎರಡನ್ನೂ ಕೇಳಿ. ಶಾಶ್ವತ ಪರಿಹಾರಕ್ಕೆ ಸುರಕ್ಷತಾ ಅಂಕ 1.5ರ ಸುಮಾರು ಇರುವಂತೆ, ಅದೂ ನೀರು ಅತಿ ಹೆಚ್ಚು ಏರಿದ ಸ್ಥಿತಿಗೆ ಲೆಕ್ಕ ಹಾಕಿಕೊಡಲು ಹೇಳಿ. ಒಣಮಣ್ಣಿನ ಲೆಕ್ಕ ತಂದುಕೊಟ್ಟರೆ ಒಪ್ಪಬೇಡಿ.

ಗೋಡೆ ಕಟ್ಟಲೆಂದು ಧರೆಯ ಬುಡವನ್ನು ಉದ್ದಕ್ಕೂ ಒಟ್ಟಿಗೆ ಅಗೆಯಬೇಡಿ. ಬುಡದ ಮಣ್ಣೇ ಸದ್ಯಕ್ಕೆ ಮೇಲಿನದ್ದನ್ನು ಹಿಡಿದಿರುವುದು. 2–3 ಮೀಟರಿನ ತುಂಡು ಅಗೆದು, ಕಟ್ಟಿ, ತುಂಬಿ, ನಡುವೆ ಜಾಗ ಬಿಟ್ಟು ಮುಂದಿನದ್ದಕ್ಕೆ ಹೋಗಬೇಕು, ಅದೂ ಒಣದಿನಗಳಲ್ಲಿ. ಸಣ್ಣದಾಗಿ ಕುಸಿದು ಧರೆಯ ಬುಡದಲ್ಲಿ ಬಿದ್ದ ಮಣ್ಣನ್ನು ಅಂಗಳ ಚೊಕ್ಕ ಮಾಡಲೆಂದು ಕೂಡಲೇ ಎತ್ತಿಸುವವರಿದ್ದಾರೆ. ಆ ಮಣ್ಣು ಬುಡಕ್ಕೆ ಊರುಗೋಲು. ಜೆಸಿಬಿ ಅದನ್ನು ತೆಗೆದ ಮರುಗಳಿಗೆಯೇ ದೊಡ್ಡದು ಬಂದು ಕೆಲಸಗಾರರ ಮೇಲೆ ಬೀಳಬಹುದು. ಉಲ್ಟಾ ಮಾಡಿ: ಜಾಗ ಇದ್ದರೆ ಬುಡಕ್ಕೆ ಕಲ್ಲು, ದೊಡ್ಡ ಜಲ್ಲಿಯ ರಾಶಿ ಪೇರಿಸಿ ಭಾರ ಹೆಚ್ಚಿಸಿ, ನೆತ್ತಿಯ ಕಡೆಯಿಂದ ಭಾರ ಇಳಿಸಿ.

ಕಡಿದು ತೆಗೆದ ಮಣ್ಣನ್ನು ಗುಡ್ಡದ ಅಂಚಿಗೆ ಸುಮ್ಮನೆ ಸುರಿಯಬೇಡಿ. ದಮ್ಮಸು ಮಾಡದ ಸಡಿಲ ಮಣ್ಣು ನೀರು ಕುಡಿದರೆ ಕುಸಿಯುವುದಷ್ಟೇ ಅಲ್ಲ, ಗಂಜಿಯಂತೆ ಹರಿಯುತ್ತದೆ. ವೇಲ್ಸಿನ ಅಬರ್‌ಫಾನ್‌ನಲ್ಲಿ ಗಣಿತ್ಯಾಜ್ಯದ ರಾಶಿಯನ್ನು ಗುಡ್ಡದ ಮೇಲಿನ ಒರತೆಯ ಮೇಲೆಯೇ ಪೇರಿಸಿದ್ದರು. 1966ರ ಅಕ್ಟೋಬರ್ 21ರ ಬೆಳಿಗ್ಗೆ ಅದು ಹರಿದು ಬಂದು ಶಾಲೆಯನ್ನು ಹೂತುಹಾಕಿತು. ಸತ್ತ 144 ಜನರಲ್ಲಿ 116 ಮಂದಿ ಮಕ್ಕಳು. ತುಂಬುವುದೇ ಆದರೆ ಹಳೆಯ ಇಳಿಜಾರನ್ನು ಮೆಟ್ಟಿಲಾಗಿ ಕಡಿದು, ಒರತೆಯ ನೀರಿಗೆ ಅಡಿಯಲ್ಲಿ ಜಲ್ಲಿಯ ದಾರಿ ಮಾಡಿ, 20–30 ಸೆಂಟಿಮೀಟರ್ ಪದರಗಳಲ್ಲಿ ದಮ್ಮಸು ಮಾಡುತ್ತಾ ತುಂಬಬೇಕು.

ಗಿಡ

ಬೇರು ಹಿಡಿಯುವುದು ಸಾಮಾನ್ಯವಾಗಿ ಮೇಲಿನ ಒಂದೂವರೆ ಎರಡು ಮೀಟರ್ ಮಣ್ಣನ್ನು. ಜಾರುಪದರ 5 ಮೀಟರ್ ಆಳದಲ್ಲಿದ್ದರೆ ಮರ, ಬೇರು ಎಲ್ಲ ಸೇರಿಯೇ ಹೋಗುತ್ತದೆ. ತೆಳು ಮಣ್ಣಿನ ಜಾರಿಗೆ ಮಾತ್ರ ಗಿಡ ನಿಜವಾದ ಮದ್ದು. ಲಾವಂಚದ ಬೇರು ನೆಟ್ಟಗೆ 2–3 ಮೀಟರ್ ಇಳಿಯಬಲ್ಲದು. ಇಳಿಜಾರಿಗೆ ಅಡ್ಡ ಸಾಲಿನಲ್ಲಿ 10–15 ಸೆಂಟಿಮೀಟರಿಗೆ ಒಂದು ಬುಡದಂತೆ, ಒಂದು ಮೀಟರ್ ಎತ್ತರಕ್ಕೆ ಒಂದು ಸಾಲು ನೆಡಿ. ಧರೆಯ ಅಂಚಿನಲ್ಲಿ ದೊಡ್ಡ ಮರ ಬೇಡ, ಗಾಳಿಗೆ ತೂಗಿ ಮಣ್ಣನ್ನು ಮೀಟುತ್ತದೆ. ಇರುವ ಕಾಡನ್ನು ಮಾತ್ರ ಬೋಳಿಸಬೇಡಿ. ಕಡಿದ ವರ್ಷ ಏನೂ ಆಗುವುದಿಲ್ಲ. ಸತ್ತ ಬೇರು ಕೊಳೆತು ಹೊಸದು ಇನ್ನೂ ಬಲಿಯದ 3ರಿಂದ 10ನೆಯ ವರ್ಷದ ನಡುವೆ ಇಳಿಜಾರು ಅತಿ ದುರ್ಬಲ.

ಯಾವಾಗ ಹೊರಡಬೇಕು

ಜಗತ್ತಿನ ನಾನಾ ಕಡೆಯ ತೆಳು ಜಾರುಗಳನ್ನು ಒಟ್ಟುಮಾಡಿ ಸಂಶೋಧಕ ನೆಲ್ ಕೇನ್ 1980ರಲ್ಲಿ ಹಾಕಿದ ಗೆರೆಯ ಪ್ರಕಾರ, 10 ಗಂಟೆಯಲ್ಲಿ ಸುಮಾರು 60 ಮಿಲಿಮೀಟರ್, 24 ಗಂಟೆಯಲ್ಲಿ ಸುಮಾರು 100 ಮಿಲಿಮೀಟರ್ ಮಳೆ ದಾಟಿದರೆ ಇಂಥವು ಶುರುವಾಗಬಹುದು. ಇದು ಕೆಳಮಿತಿ. ಭಾರಿ ಮಳೆಗೆ ಒಗ್ಗಿದ ಗುಡ್ಡಗಳು ಇದಕ್ಕಿಂತ ಹೆಚ್ಚು ತಾಳುತ್ತವೆ, ಆದರೆ ಈಗಾಗಲೇ ಬಿರುಕು ಬಿಟ್ಟು, ವಾರವಿಡೀ ನೆನೆದ ಗುಡ್ಡಕ್ಕೆ ಅದಕ್ಕಿಂತ ಕಡಿಮೆ ಸಾಕು. ಆಳದ ಜಾರು ಮಳೆ ನಿಂತು ದಿನಗಳು, ವಾರಗಳು ಕಳೆದ ಮೇಲೂ ಬರಬಹುದು, ನೀರು ಕೆಳಗಿಳಿಯಲು ಅಷ್ಟು ಹೊತ್ತು ಬೇಕು. ಬಿಸಿಲು ಬಂತೆಂದು ಆ ದಿನವೇ ವಾಪಸಾಗಬೇಡಿ. ಸರಳುಗಳ ನಡುವಿನ ಅಳತೆ ಒಂದು ವಾರ ಅಲುಗದೆ ಇರಲಿ.

ಇವುಗಳಲ್ಲಿ ಯಾವುದೇ ಒಂದು ಕಂಡರೂ ಸಾಮಾನು ಕಟ್ಟದೆ ಹೊರಡಿ: ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾಗುವುದು, ಹರಿಯುತ್ತಿದ್ದ ಹಳ್ಳ ಮಳೆಯಲ್ಲೇ ಬತ್ತುವುದು, ಬೇರು ಕಿತ್ತು ಬರುವ, ಕಲ್ಲು ಉರುಳುವ ಸದ್ದು, ಕಣ್ಣೆದುರೇ ಬಿರುಕು ಅಗಲವಾಗುವುದು. ಹಳ್ಳ ಬತ್ತಿತೆಂದರೆ ಮೇಲೆಲ್ಲೋ ಮಣ್ಣು ಬಿದ್ದು ಕಟ್ಟೆ ಕಟ್ಟಿದೆ, ಒಡೆದಾಗ ಎಲ್ಲ ಒಟ್ಟಿಗೆ ಬರುತ್ತದೆ. ಓಡುವಾಗ ಹಳ್ಳದ ಗುಂಟ ಕೆಳಗೆ ಓಡಬೇಡಿ, ಕೆಸರು ಅದೇ ದಾರಿಯಲ್ಲಿ ನಿಮಗಿಂತ ವೇಗವಾಗಿ ಬರುತ್ತದೆ. ಅಡ್ಡಲಾಗಿ, ಪಕ್ಕದ ದಿಣ್ಣೆಯ ಕಡೆಗೆ ಓಡಿ. ಆ ದಾರಿಯನ್ನು ಇವತ್ತು ಬೆಳಕಿರುವಾಗಲೇ ಮನೆಯವರೆಲ್ಲ ಒಮ್ಮೆ ನಡೆದು ನೋಡಿಕೊಳ್ಳಿ, ಟಾರ್ಚನ್ನು ಬಾಗಿಲ ಬಳಿ ನೇತುಹಾಕಿ.